ಸಂತೆಗೂ ಕೊಟ್ಟಿಗೆಗೂ ನಡುವೆ ಹಸು ಯಾರದ್ದು?

ನಮ್ಮ ಹಸು ಚೆಲುವಿಗೆ ಮೂರೇ ಮೊಲೆ. ನಾಲ್ಕನೆಯದು ಇದೆ, ಅದರಲ್ಲಿ ಹಾಲಿಲ್ಲ. ಕೊಟ್ಟಿಗೆಗೆ ಹೊಸಬರು ಯಾರಾದರೂ ಬಂದರೆ ಹುಟ್ಟಿನಿಂದಲೇ ಹೀಗಾ ಎಂದು ಕೇಳುತ್ತಾರೆ. ಇಲ್ಲ. ಅದು ನಾವು ಕಳೆದದ್ದು. ಪಿರಿಯಾಪಟ್ಟಣದ ಆಚೆಯಿಂದ ಮಾದಾಪುರದ ಹತ್ತಿರ ಇರುವ ನಮ್ಮ ಮನೆಗೆ ಹೆಚ್ಚೆಂದರೆ 65 ಕಿಲೋಮೀಟರ್. ಆ ದಾರಿಯಲ್ಲಿ ಎಲ್ಲೋ ಕಳೆಯಿತು. ಎಲ್ಲಿ ಅಂತ ಸರಿಯಾಗಿ ಹೇಳೋಕೂ ಬರೋದಿಲ್ಲ, ಯಾಕೆಂದರೆ ಅಷ್ಟೂ ದಾರಿ ನಾನು ಅದೇ ಗಾಡಿಯ ಮುಂದಿನ ಸೀಟಿನಲ್ಲಿ ಕೂತಿದ್ದೆ, ಒಮ್ಮೆಯೂ ಇಳಿದು ಹಿಂದೆ ಹೋಗಿ ನೋಡಲಿಲ್ಲ.

ಮೊದಲು ನಮ್ಮ ಕಡೆಯ ವಿಷಯ ಸ್ವಲ್ಪ ಹೇಳಬೇಕು. ಕೊಡಗಿನಲ್ಲಿ ಹಸು ಸಾಕುತ್ತಿದ್ದದ್ದು ಹಾಲಿಗಿಂತ ಜಾಸ್ತಿ ಗೊಬ್ಬರಕ್ಕೆ. ಕಾಫಿ ಗಿಡಕ್ಕೂ ಬೇಕು, ಗದ್ದೆಗೂ ಬೇಕು. ಅತ್ತೆ ಮದುವೆಯಾಗಿ ಈ ಮನೆಗೆ ಬಂದಾಗ ಮಲೆನಾಡು ಗಿಡ್ಡ ತಳಿಯ 18 ಹಸುಗಳಿದ್ದವಂತೆ. ಬೆಳಿಗ್ಗೆ ಬಾಣೆಗೆ, ಅಂದರೆ ಗದ್ದೆ ಪಕ್ಕದ ಹುಲ್ಲುಗಾವಲಿಗೆ, ಬಿಟ್ಟರೆ ಸಂಜೆ ತಾವೇ ಬರುತ್ತಿದ್ದವು. ಒಂದೊಂದು ಹಸು ಒಂದೊಂದು ಚೊಂಬು ಹಾಲು, ಅಷ್ಟೆ. ಕಾಯಿಲೆ ಅಂತ ಡಾಕ್ಟರನ್ನು ಕರೆದ ನೆನಪೇ ಅತ್ತೆಗಿಲ್ಲ. ಹಾಗಂತ ಹಾಲಿನ ವ್ಯಾಪಾರ ಇಲ್ಲಿಗೆ ಹೊಸದೇನೂ ಅಲ್ಲ. ಈಗಿನ ಕರ್ನಾಟಕದ ಮೊದಲ ಸಹಕಾರಿ ಡೈರಿ ಶುರುವಾಗಿದ್ದೇ 1955ರಲ್ಲಿ, ಕುಶಾಲನಗರದ ಪಕ್ಕದ ಕೂಡಿಗೆಯಲ್ಲಿ. ಆಗ ಕೊಡಗು ಇನ್ನೂ ಬೇರೆಯೇ ರಾಜ್ಯ. ನಮ್ಮಲ್ಲಿ ಇದನ್ನು ಹೇಳಿಕೊಳ್ಳುವವರು ಕಡಿಮೆ, ಕಾಫಿ ಮತ್ತು ಹಾಕಿಯ ಮುಂದೆ ಹಾಲನ್ನು ಯಾರು ಕೇಳುತ್ತಾರೆ!

ಈಗ ಡೈರಿಗೆ ಹಾಲು ಹಾಕುವಷ್ಟು ಕರೆಯುವ ಹಸು ಬೇಕೆಂದರೆ ಹೆಚ್ಚಿನವರು ಗುಡ್ಡ ಇಳಿಯುತ್ತಾರೆ. ಪಿರಿಯಾಪಟ್ಟಣ, ಹುಣಸೂರು, ಅರಕಲಗೂಡು, ಹಾಸನದ ಕಡೆ ಹೋಗಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಇಲ್ಲವೇ ಜರ್ಸಿ ಮಿಶ್ರತಳಿ ತರುತ್ತಾರೆ. ಅಂದರೆ ನಮ್ಮ ಕೊಟ್ಟಿಗೆಗಳಲ್ಲಿ ಇರುವ ಸೀಮೆ ಹಸುಗಳಲ್ಲಿ ಎಷ್ಟೋ ಹಸುಗಳು ಜೀವನದಲ್ಲಿ ಒಮ್ಮೆಯಾದರೂ ಪಿಕಪ್ ಹತ್ತಿ ಬಂದವೇ. ಕೆಲವು ಮೂರ್ನಾಲ್ಕು ಸಲ ಹತ್ತಿ ಇಳಿದಿವೆ.

ನಾವು ಹೋಗಿದ್ದು ಒಂದು ಏಪ್ರಿಲ್‌ನಲ್ಲಿ. ನನಗೆ, ನಮ್ಮ ಮನೆಯವರಿಗೆ ಇಬ್ಬರಿಗೂ ಅದು ಮೊದಲ ಹಸು ವ್ಯಾಪಾರ. ಹೊರಡುವ ಮುಂಚೆ ಅತ್ತೆ ಒಂದೇ ಮಾತು ಹೇಳಿದ್ದರು: "ಕೆಚ್ಚಲು ನೋಡಿ ಮರುಳಾಗಬೇಡ ಮಗಾ, ಕರೆಸಿ ನೋಡು. ಕರೆದ ಮೇಲೆ ಇನ್ನೊಂದು ಸಲ ಮುಟ್ಟಿ ನೋಡು." ಒಳ್ಳೆಯ ಕೆಚ್ಚಲು ಹಾಲು ಕರೆದಾದ ಮೇಲೆ ಖಾಲಿ ಚೀಲದ ಹಾಗೆ ಮೆತ್ತಗೆ ಜೋತು ಬೀಳಬೇಕು. ಆಗಲೂ ಗಟ್ಟಿ ಉಳಿದರೆ ಅದು ಹಾಲಲ್ಲ, ಮಾಂಸ, ಇಲ್ಲವೇ ಹಳೆಯ ಬಾವು. ನಾನು ತಲೆಯಾಡಿಸಿ ಹೋದೆ.

ಸಂತೆಗೆ ಹೋದಾಗ ಎದುರಿಗೇ ಚೆಲುವಿ ನಿಂತಿದ್ದಳು. ಕಪ್ಪು ಬಿಳುಪು ಮೈ, ಎರಡನೇ ಸೂಲು, ಕರು ಹಾಕಿ ತಿಂಗಳಾಗಿತ್ತು, ಪಕ್ಕದಲ್ಲೇ ಹೆಣ್ಣುಗರು. ಕೆಚ್ಚಲು ನೋಡಬೇಕಿತ್ತು, ದೊಡ್ಡ ಕುಂಬಳಕಾಯಿ. ಚರ್ಮ ಬಿಗಿದು ಹೊಳೆಯುತ್ತಿತ್ತು, ಮೊಲೆಗಳು ನಾಲ್ಕು ಕಡೆಗೆ ಚಾಚಿಕೊಂಡಿದ್ದವು, ತುದಿಯಿಂದ ಹಾಲು ತೊಟ್ಟಿಕ್ಕುತ್ತಿತ್ತು. ನೆಲಕ್ಕೆ ಬೀಳುತ್ತಿದ್ದ ಆ ಹಾಲು ನೋಡಿ ನನಗೆ ಖುಷಿಯಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೂ ನಿಜ. ದಲ್ಲಾಳಿ ಬಾಯಿ ಬಿಡಿಸಿ ಹಲ್ಲು ತೋರಿಸಿದ, ದಿನಕ್ಕೆ 14 ಲೀಟರ್ ಎಂದ. ಕರೆದು ತೋರಿಸಿ ಎಂದೆ. "ಇಲ್ಲಿ ಜನ ಜಾಸ್ತಿ ಅಕ್ಕಾ, ಹಸು ಸೊರ ಬಿಡಲ್ಲ. ಮನೆಗೆ ಹೋಗಿ ಆರಾಮಾಗಿ ಕರ್ಕೊಳ್ಳಿ" ಎಂದ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ಅದೇನೋ ಮಾತಾಡಿಕೊಂಡರು. 62 ಸಾವಿರಕ್ಕೆ ಮುಗಿಯಿತು.

ಜನ ಇರುವಾಗ ಹಸು ಹಾಲಿಳಿಸುವುದಿಲ್ಲ ಎಂಬ ಅವನ ಮಾತು ಸುಳ್ಳಲ್ಲ. ಹೆದರಿದ ಹಸು ಹಾಲು ಹಿಡಿದಿಟ್ಟುಕೊಳ್ಳುತ್ತದೆ. ಹಾಲಿಳಿಸುವ ಆಕ್ಸಿಟೋಸಿನ್ ರಕ್ತಕ್ಕೆ ಬರಬೇಕೆಂದರೆ ಅದಕ್ಕೆ ನೆಮ್ಮದಿ ಬೇಕು. ಹೆದರಿಕೆಯ ಅಡ್ರಿನಲಿನ್ ಬಂತೋ, ಕೆಲಸ ಕೆಟ್ಟಿತು. ಅವನು ಹೇಳದೆ ಬಿಟ್ಟದ್ದು ಬೇರೆ. ಅವಳನ್ನು ಕೊನೆಯ ಸಲ ಕರೆದದ್ದು ಹಿಂದಿನ ದಿನ ಬೆಳಿಗ್ಗೆ. ಸಂಜೆ ಕರೆಯಲಿಲ್ಲ, ಸಂತೆಯ ದಿನ ಬೆಳಿಗ್ಗೆಯೂ ಕರೆಯಲಿಲ್ಲ, ಕರುವನ್ನೂ ಬಿಡಲಿಲ್ಲ. ಇದಕ್ಕೆ ಕೆಚ್ಚಲು ಕಟ್ಟುವುದು ಎನ್ನುತ್ತಾರೆ. ಸಂತೆಯಲ್ಲಿ ಇದು ಮೋಸ ಅಂತ ಯಾರಿಗೂ ಅನಿಸುವುದಿಲ್ಲ, ಹುಡುಗಿ ನೋಡಲು ಬರುವಾಗ ಪೌಡರ್ ಹಚ್ಚಿದ ಹಾಗೆ ಅಂದುಕೊಂಡಿದ್ದಾರೆ.

ಪೌಡರ್ ಹಚ್ಚಿದರೆ ಯಾರಿಗೂ ನೋವಾಗುವುದಿಲ್ಲ. ಇಲ್ಲಿ ಹಾಗಲ್ಲ. 12 ಗಂಟೆಗೊಮ್ಮೆ ಖಾಲಿಯಾಗಿ ಅಭ್ಯಾಸ ಇರುವ ಕೆಚ್ಚಲು ಅದು. ತುಂಬಿದ ಮೇಲೂ ತುಂಬುತ್ತಲೇ ಹೋದರೆ ಒಳಗೆ ಒತ್ತಡ ಏರುತ್ತದೆ, ಮೊಲೆಯ ತುದಿಯ ಸಣ್ಣ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಹಾಲು ಸೋರುತ್ತದೆ. ಹಾಲು ಹೊರಗೆ ಬರುವ ದಾರಿಯಲ್ಲೇ ರೋಗಾಣು ಒಳಗೆ ಹೋಗುತ್ತದೆ. ನಾನು ಖುಷಿಯಿಂದ ನೋಡಿದ ಆ ತೊಟ್ಟು ಹಾಲು ಅಂದರೆ ಬಾಗಿಲು ತೆರೆದಿದೆ ಅಂತ. ಕೆಳಗೆ ಸಗಣಿ, ಗಂಜಲ, ಕೆಸರು. ಆಮೇಲೆ ಭಾರ ಬೇರೆ. ಹದಿನೈದಿಪ್ಪತ್ತು ಕೆಜಿಯ ಒಂದು ಮೂಟೆಯನ್ನು ಹಿಂದಿನ ಎರಡು ಕಾಲಿನ ನಡುವೆ ಕಟ್ಟಿಕೊಂಡು, ಅಲ್ಲಾಡುವ ತಗಡಿನ ಮೇಲೆ ನಿಂತು ತಿರುವು ರಸ್ತೆಯಲ್ಲಿ ಹೋಗುವುದನ್ನು ಯೋಚಿಸಿ.

ಗಾಡಿ ಬಂತು. ಇನ್ನೊಬ್ಬರು ಕೊಂಡ ಎರಡು ಹಸುಗಳನ್ನು ಅದರಲ್ಲಿ ಆಗಲೇ ಹತ್ತಿಸಿದ್ದರು. ಅವು ಸುಂಟಿಕೊಪ್ಪದಲ್ಲಿ ಇಳಿಯುವುದು, ಬಾಡಿಗೆ ಹಂಚಿಕೊಂಡರೆ ನಮಗೂ ಉಳಿತಾಯ ಎಂದ ಡ್ರೈವರ್. ಒಳ್ಳೆಯದೇ ಆಯಿತು ಎಂದುಕೊಂಡೆವು. ಗಾಡಿಗೆ ಒಂದು ಹಲಗೆ ಒರಗಿಸಿದ್ದರು, ಏಣಿಯಷ್ಟು ಕಡಿದಾಗಿತ್ತು. ಚೆಲುವಿ ಅದರ ಮುಂದೆ ನಿಂತುಬಿಟ್ಟಳು. ಹಸುವಿಗೆ ಹೊಸ ನೆಲ ಎಂದರೆ ಅನುಮಾನ, ನೆರಳಿನ ಗೆರೆ ಕಂಡರೂ ಹಳ್ಳ ಎಂದುಕೊಳ್ಳುತ್ತದೆ. ಒಂದೆರಡು ನಿಮಿಷ ಮೂಸಲು ಬಿಟ್ಟಿದ್ದರೆ ಹತ್ತುತ್ತಿದ್ದಳೋ ಏನೋ. ಯಾರಿಗೂ ಪುರುಸೊತ್ತಿರಲಿಲ್ಲ. ಒಬ್ಬ ಮೂಗುದಾರ ಎಳೆದ, ಇನ್ನೊಬ್ಬ ಬಾಲ ತಿರುಚಿದ. ಬಾಲದಲ್ಲೂ ಮೂಳೆ ಇದೆ, ತಿರುಚಿದರೆ ಮುರಿಯುತ್ತದೆ. ಸಂತೆಗಳಲ್ಲಿ ಗಮನಿಸಿ ನೋಡಿ, ಗಂಟು ಬಿದ್ದ ಸೊಟ್ಟ ಬಾಲದ ಹಸುಗಳು ಸಿಗುತ್ತವೆ. ಅವಳು ಒಂದೇ ನೆಗೆತಕ್ಕೆ ಒಳಗೆ ಹಾರಿ ಜಾರಿ ಮೊಣಕಾಲೂರಿ ಬಿದ್ದಳು, ಎದ್ದಳು. ಕೆಳಗೆ ಬರೀ ತಗಡು, ಅದರ ಮೇಲೆ ಮೊದಲೆರಡು ಹಸುಗಳ ಸಗಣಿ. ಕರುವನ್ನು ಗೋಣಿಚೀಲ ಹಾಸಿ ಮುಂದೆ ನನ್ನ ಕಾಲ ಹತ್ತಿರ ಮಲಗಿಸಿದೆವು. ತಾಯಿ ಹಿಂದಿನಿಂದ ಕೂಗುತ್ತಿದ್ದಳು, ಕರು ಮುಂದಿನಿಂದ.

ಹೊರಟದ್ದು ಎಷ್ಟು ಹೊತ್ತಿಗೆ ಗೊತ್ತಾ? ಹಸು ಹತ್ತಿಸಿ ಎರಡು ತಾಸು ಕಳೆದ ಮೇಲೆ. ಆ ಇನ್ನೊಬ್ಬರ ದುಡ್ಡಿನ ಲೆಕ್ಕ ಮುಗಿಯಬೇಕಿತ್ತು, ಡ್ರೈವರ್ ಊಟ ಮಾಡಬೇಕಿತ್ತು, ಕಾಗದಕ್ಕೆ ಸೀಲು ಬೀಳಬೇಕಿತ್ತು. ಅಷ್ಟೂ ಹೊತ್ತು ಗಾಡಿ ಬಿಸಿಲಲ್ಲಿ. ಓಡುವ ಗಾಡಿಯಲ್ಲಿ ಗಾಳಿಯಾದರೂ ಆಡುತ್ತದೆ, ನಿಂತ ಗಾಡಿಯಲ್ಲಿ ಮೂರು ಹಸುವಿನ ಮೈಶಾಖ ಅಲ್ಲೇ ಉಳಿಯುತ್ತದೆ. ಎಚ್‌ಎಫ್ ಮೂಲದಲ್ಲಿ ಚಳಿ ದೇಶದ ತಳಿ, 25 ಡಿಗ್ರಿ ದಾಟಿದರೇ ಅದಕ್ಕೆ ಕಷ್ಟ. ಹಾಲು ಕೊಡುವ ಹಸು ದಿನಕ್ಕೆ ಐವತ್ತು ಅರವತ್ತು ಲೀಟರ್ ನೀರು ಕುಡಿಯುತ್ತದೆ, ಬಿಸಿಲಿಗೆ ಇನ್ನೂ ಜಾಸ್ತಿ. ಅವಳಿಗೆ ಅಂದು ಸಂಜೆವರೆಗೆ ಒಂದು ಬಕೆಟ್ ನೀರೂ ಸಿಗಲಿಲ್ಲ.

ಹಾಗಾದರೆ ತಂಪು ಹೊತ್ತಲ್ಲಿ ಹೊರಡಬಹುದಿತ್ತಲ್ಲ ಎನ್ನುತ್ತೀರಿ. ಡ್ರೈವರನ್ನು ನಾನೂ ಅದನ್ನೇ ಕೇಳಿದೆ, ಆಮೇಲೆ ಯಾವಾಗಲೋ. ಅವರು ಹೇಳಿದ ಮಾತು ಮರೆತಿಲ್ಲ: "ರಾತ್ರಿ ಹೊರಟರೆ ಹಸುವಿಗೆ ತಂಪು, ನಂಗೆ ಬಿಸಿ." ಕತ್ತಲಲ್ಲಿ ಹಸು ತುಂಬಿದ ಗಾಡಿ ಕಂಡರೆ ಎಲ್ಲರಿಗೂ ಒಂದೇ ಅನುಮಾನ. ಕಾಗದ ಕೈಯಲ್ಲಿದ್ದರೂ ಪೊಲೀಸರಿಗಿಂತ ಮೊದಲು ಬೇರೆ ಯಾರ್ಯಾರೋ ಅಡ್ಡ ಹಾಕುತ್ತಾರೆ. ಆನೆಕಾಡಿನ ಹತ್ತಿರ ನಿಜವಾದ ಆನೆಯ ಭಯ ಬೇರೆ. ಅದಕ್ಕೇ ಎಲ್ಲರೂ ಮಟಮಟ ಮಧ್ಯಾಹ್ನವೇ ಹೊರಡುತ್ತಾರೆ. ಯಾರ ಹಿತಕ್ಕೆ ಅಂತ ಹಸುವನ್ನು ಕೇಳುವವರಿಲ್ಲ.

ದಾರಿಯಲ್ಲಿ ಒಂದು ಕಡೆ ತಪಾಸಣೆಯವರು ನಮ್ಮನ್ನೂ ನಿಲ್ಲಿಸಿದರು. ಒರಟಾಗೇನೂ ಮಾತಾಡಲಿಲ್ಲ. ಕಾಗದ ನೋಡಿದರು. ಹಸುಗಳ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ ಓದಿ ಕಾಗದದ ಜೊತೆ ತಾಳೆ ನೋಡಿದರು. ನಮ್ಮ ಮುಖ ನೋಡಿದರು, ಕರುವನ್ನು ನೋಡಿ ನಕ್ಕರು. ಎಲ್ಲಾ ಸರಿಯಿದೆ ಹೋಗಿ ಎಂದರು. ಮೂರು ಹಸುಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು, ಒಂದು ಮೊಣಕಾಲು ಕಿತ್ತಿತ್ತು, ಒಂದು ಕೆಚ್ಚಲು ಒಡೆಯುವ ಹಾಗಿತ್ತು. ಎಲ್ಲಾ ಸರಿಯೇ ಇತ್ತು.

ನಾನು ಆಮೇಲೆ ತುಂಬಾ ಸಲ ಯೋಚಿಸಿದ್ದು ಇದನ್ನೇ. ದುಡ್ಡು ಎಣಿಸಿಕೊಂಡ ಕ್ಷಣಕ್ಕೆ ಮಾರಿದವರ ಪಾಲಿಗೆ ಆ ಹಸು ಮುಗಿಯಿತು. ಕೊಂಡವರಿಗೆ ಅದು ಮನೆ ತಲುಪಿ ಗೊಂತಿಗೆ ಕಟ್ಟಿದ ಮೇಲೆ ಶುರು. ಡ್ರೈವರಿಗೆ ಅದು ಲೋಡು. ತಪಾಸಣೆಯವರಿಗೆ ಅದು ಕಾಗದ. ಹಾಗಾದರೆ ಆ ನಾಲ್ಕೈದು ಗಂಟೆ ಹಸು ಯಾರದ್ದು? ದುಡ್ಡು ಕೊಟ್ಟವಳು ನಾನು. ನನ್ನದೇ ಅಲ್ವಾ? ಆದರೆ ಅದು ನನಗೆ ಹೊಳೆದದ್ದು ಮಾರನೆಯ ದಿನ.

ಮನೆಗೆ ಬಂದಾಗ ಸಂಜೆ ಆರು ಗಂಟೆ. ಸುಂಟಿಕೊಪ್ಪದಲ್ಲಿ ಆ ಎರಡು ಹಸು ಇಳಿದ ಮೇಲೆ ಮಾದಾಪುರದ ರಸ್ತೆಯ ತಿರುವುಗಳಲ್ಲಿ ಚೆಲುವಿ ಒಬ್ಬಳೇ ಖಾಲಿ ತಗಡಿನ ಮೇಲೆ ಆ ಕಡೆ ಈ ಕಡೆ ಜಾರುವ ಸದ್ದು ಕೇಳುತ್ತಿತ್ತು. ತುಂಬಾ ಒತ್ತಿದರೂ ಕಷ್ಟ, ತೀರಾ ಸಡಿಲವಾದರೂ ಕಷ್ಟ. ಕೂಗುವುದನ್ನು ಯಾವಾಗಲೋ ನಿಲ್ಲಿಸಿದ್ದಳು. ಸುಮ್ನೆ ಆಗಿದ್ದಾಳೆ, ಹೊಂದಿಕೊಂಡಳು ಎಂದರು ಡ್ರೈವರ್. ಸುಸ್ತಿಗೂ ಸಮಾಧಾನಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ.

ಇಳಿಸಿದ ಮೇಲೆ ನಾವು ಪ್ರೀತಿ ತೋರಿಸಿದೆವು. ಬಕೆಟ್ ತುಂಬಾ ಹಿಂಡಿ, ಬೂಸಾ, ಗಂಜಿ. ಅತ್ತೆ ಬಂದು ಬಕೆಟನ್ನೇ ಕಿತ್ತುಕೊಂಡರು. "ಹೊಟ್ಟೆ ಮಲಗಿರ್ತದೆ, ಮೊದಲು ನೀರು, ಒಣಹುಲ್ಲು. ಹಿಂಡಿ ನಾಳೆ ನೋಡುವ." ದಿನವಿಡೀ ಮೆಲುಕು ಹಾಕದ ಹೊಟ್ಟೆಗೆ ಒಮ್ಮೆಗೇ ಹಿಂಡಿ ಸುರಿದರೆ ಒಳಗೆ ಹುಳಿಯೇರಿ ಹಸು ಮಲಗಿಬಿಡುತ್ತದೆ ಎಂದು ಡಾಕ್ಟರ್ ಆಮೇಲೆ ಹೇಳಿದರು. ಅತ್ತೆ ಓದಿದ್ದು ನಾಲ್ಕನೇ ಕ್ಲಾಸು.

ಕರು ಬಿಟ್ಟು ಕರೆಯಲು ಕೂತೆ. ಮೂರು ಮೊಲೆಯಲ್ಲಿ ಹಾಲು ಬಂತು, ಹಿಂದಿನ ಬಲಗಡೆಯದರಲ್ಲಿ ನೀರು, ಅದರ ಹಿಂದೆ ಮೊಸರಿನ ಹಾಗೆ ಗಂಟು. ಮುಟ್ಟಿದರೆ ಒದೆಯುತ್ತಿದ್ದಳು. ಬೆಳಿಗ್ಗೆ ನೋಡಿದರೆ ಆ ಭಾಗ ಕಲ್ಲಿನಷ್ಟು ಗಟ್ಟಿ, ಸುಡುವ ಬಿಸಿ, ಜ್ವರ. ಕೆಚ್ಚಲುಬಾವು. ಡಾಕ್ಟರ್ ಬಂದವರು ಮೊದಲು ಕೇಳಿದ್ದು ಕೊನೆಯ ಸಲ ಎಷ್ಟು ಹೊತ್ತಿಗೆ ಕರೆದಿದ್ದು ಅಂತ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾರಿದವರಿಗೆ ಫೋನ್ ಮಾಡಿದಾಗ ಹಿಂದಿನ ದಿನ ಬೆಳಿಗ್ಗೆಯ ಕತೆ ಹೊರಬಂತು. ನಾನು ಕರೆಯಲು ಕೂರುವ ಹೊತ್ತಿಗೆ 36 ಗಂಟೆ ಆಗಿತ್ತು. "ದುಡ್ಡು ಕೊಟ್ಟ ಕೂಡಲೇ ಅಲ್ಲೇ ಮರದ ಕೆಳಗೆ ಕಟ್ಟಿ ಕರು ಬಿಟ್ಟಿದ್ದರೂ ಸಾಕಿತ್ತಲ್ಲಾ" ಎಂದರು ಡಾಕ್ಟರ್. ಬೈದರೆ ಚೆನ್ನಾಗಿತ್ತು, ಬೈಯಲಿಲ್ಲ. ಹತ್ತು ದಿನ ಇಂಜೆಕ್ಷನ್, ಮೊಲೆಗೆ ಟ್ಯೂಬು, ಎರಡು ಮೂರು ಗಂಟೆಗೊಮ್ಮೆ ಕರೆದು ಚೆಲ್ಲುವುದು. ಔಷಧ ನಡೆಯುವಾಗಿನ ಹಾಲು ಡೈರಿಗೆ ಹಾಕುವ ಹಾಗಿಲ್ಲ. ಮೂರು ಮೊಲೆ ಉಳಿಯಿತು. 14 ಲೀಟರಿನ ಹಸು 9ಕ್ಕೆ ಬಂದು ನಿಂತಿತು.

ಇದಾದ ಮೇಲೆಯೇ ನಾನು ಕಾನೂನು ಓದಿದ್ದು. ಓದಿ ಆಶ್ಚರ್ಯವಾಯಿತು, ಯಾಕೆಂದರೆ ಎಲ್ಲಾ ಬರೆದಿದೆ. ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರದ್ದು, ಸಾಗಾಟದ ನಿಯಮಗಳು 1978ರವು. ಗಾಡಿಯ ನೆಲಕ್ಕೆ ಜಾರದ ಹಾಗೆ ತೆಂಗಿನ ನಾರಿನ ಚಾಪೆಯೋ ಮರದ ಹಲಗೆಯೋ ಹಾಸಿರಬೇಕು. ಹಸುಗಳ ಜೊತೆ ಬೇರೆ ಸಾಮಾನು ತುಂಬಬಾರದು. ಜೊತೆಗೆ ನೋಡಿಕೊಳ್ಳುವ ಒಬ್ಬ ಆಳು ಇರಬೇಕು. ಆದಷ್ಟು ಎಂಜಿನ್ ಕಡೆ ಮುಖ ಮಾಡಿ ನಿಲ್ಲಿಸಬೇಕು. ಪ್ರಯಾಣಕ್ಕೆ ಯೋಗ್ಯ ಎಂದು ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಎಷ್ಟೇ ದೊಡ್ಡ ಲಾರಿಯಾದರೂ ಆರಕ್ಕಿಂತ ಜಾಸ್ತಿ ದನ ಹಾಕುವಂತಿಲ್ಲ. 2015ರಲ್ಲಿ ಮೋಟಾರು ವಾಹನ ನಿಯಮಕ್ಕೂ ಒಂದು ತಿದ್ದುಪಡಿ ಬಂತು, ಒಂದು ಹಸುವಿಗೆ 2 ಚದರ ಮೀಟರ್ ಜಾಗ ಎಂದು. ಆ ದಿನ ನಾವು ಬಂದ ಪಿಕಪ್ಪನ್ನು ಇನ್ನೊಂದು ಸಲ ಕರೆಸಿದಾಗ ಟೇಪ್ ಹಿಡಿದು ಅಳೆದೆ, ಡ್ರೈವರ್ ನಗುತ್ತಿದ್ದರು. ಒಂಬತ್ತು ಅಡಿಗೆ ಒಂದಿಷ್ಟು ಕಡಿಮೆ ಉದ್ದ, ಐದೂವರೆ ಅಡಿ ಅಗಲ. ಲೆಕ್ಕ ಹಾಕಿದರೆ ಎರಡು ಹಸು. ನಾವು ಮೂರು ತಂದಿದ್ದೆವು.

ಸಂತೆಗೂ ನಿಯಮ ಬಂದಿತ್ತು. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ತಂದ ಜಾನುವಾರು ಮಾರುಕಟ್ಟೆ ನಿಯಮಗಳು ನಿಮಗೆ ನೆನಪಿರಬಹುದು. ಕೊಲ್ಲಲು ಮಾರಬಾರದು ಎಂಬ ಒಂದು ವಿಷಯಕ್ಕೆ ದೇಶವೆಲ್ಲ ಜಗಳವಾಡಿತು, ಕೋರ್ಟು ತಡೆಯಿತು. ಅದೇ ಕಾಗದದಲ್ಲಿ ಸಂತೆಯಲ್ಲಿ ನೀರು ಇರಬೇಕು, ನೆರಳು ಇರಬೇಕು, ಹತ್ತಿಸಿ ಇಳಿಸಲು ಇಳಿಜಾರು ಕಟ್ಟಬೇಕು, ಹಾಲು ಹೆಚ್ಚಿಸಲು ಇಂಜೆಕ್ಷನ್ ಕೊಡಬಾರದು, ಕರು ಕುಡಿಯದ ಹಾಗೆ ಮೊಲೆಗೆ ಟೇಪ್ ಸುತ್ತಬಾರದು ಎಂದೆಲ್ಲ ಇತ್ತು. ಅದರ ಪರ ಮಾತಾಡಿದವರೂ ಈ ಸಾಲುಗಳ ಹೆಸರೆತ್ತಲಿಲ್ಲ, ವಿರೋಧ ಮಾಡಿದವರೂ ಎತ್ತಲಿಲ್ಲ. ಹಸುವಿನ ಹೆಸರಲ್ಲಿ ನಡೆದ ಅಷ್ಟು ದೊಡ್ಡ ಗಲಾಟೆಯಲ್ಲಿ ಹಸುವಿಗೆ ಒಂದು ನೀರಿನ ತೊಟ್ಟಿಯೂ ಸಿಗಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅಲ್ಲೇ.

ಡ್ರೈವರನ್ನು ಬೈದು ಪ್ರಯೋಜನವಿಲ್ಲ. ಒಂದೇ ಹಸುವಿಗೆ ಗಾಡಿ ಮಾಡಿದರೆ ಪೂರ್ತಿ ಬಾಡಿಗೆ ನಾವೇ ಕೊಡಬೇಕು, ಕೊಡಲು ನಮಗೆ ಮನಸ್ಸಿಲ್ಲ. ಮರಳು, ಹುಲ್ಲು ಹಾಸಿದರೆ ತೊಳೆಯುವ ಕೆಲಸ ಅವರದ್ದು, ಮಾರನೆಯ ದಿನ ಅದೇ ಗಾಡಿಯಲ್ಲಿ ಯಾರದ್ದೋ ಕಾಫಿ ಮೂಟೆ ಹೋಗಬೇಕು. 62 ಸಾವಿರ ಕೊಟ್ಟವರು ಸಾವಿರ ರೂಪಾಯಿ ಉಳಿಸಲು ಹೋಗಿ ಒಂದು ಮೊಲೆ ಕಳೆದುಕೊಂಡೆವು. ನಮ್ಮ ಮನೆಯವರು ಅದನ್ನು ಹೀಗೆ ಹೇಳಿದರೆ ಒಪ್ಪುವುದಿಲ್ಲ, ಬಾವು ಮೊದಲೇ ಇತ್ತು ಎನ್ನುತ್ತಾರೆ. ಇರಬಹುದು. ಕರೆಸಿ ನೋಡಿದ್ದರೆ ಅದೂ ಗೊತ್ತಾಗುತ್ತಿತ್ತಲ್ಲ?

ದಾರಿ ಮುಗಿದರೂ ಅದರ ಪರಿಣಾಮ ಮುಗಿಯುವುದಿಲ್ಲ, ಇದು ಇನ್ನೊಂದು. ನಮ್ಮ ಪಕ್ಕದ ತೋಟದವರು ಹಾಸನದ ಕಡೆಯಿಂದ ತಂದ ಜರ್ಸಿ ಹಸು ಮೊದಲ ವಾರ ಚೆನ್ನಾಗಿಯೇ ಇತ್ತು. ಮೂರನೇ ವಾರ ಜೋರು ಜ್ವರ, ಮೇವು ಬಿಟ್ಟಿತು, ಉಚ್ಚೆ ನೋಡಿದರೆ ಕಾಫಿ ಡಿಕಾಕ್ಷನ್ ಬಣ್ಣ. ಉಣ್ಣೆ, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು, ಅದರಿಂದ ಬರುವ ಬೆಬೇಸಿಯಾ ರೋಗ. ರಕ್ತಕಣ ಒಡೆದು ಉಚ್ಚೆಯಲ್ಲಿ ಹೋಗುವುದರಿಂದ ಆ ಬಣ್ಣ. ಥೈಲೇರಿಯಾ ಎಂಬುದೂ ಹೀಗೇ, ಕೆಲವು ಹಸುಗಳ ಮೈಯಲ್ಲಿ ಸದ್ದಿಲ್ಲದೆ ಮಲಗಿರುತ್ತದೆ, ಸಾಗಾಟದ ಸುಸ್ತಿಗೆ ಏಳುತ್ತದೆ. ನಮ್ಮ ಕಾಡಂಚಿನ ತೋಟಗಳಲ್ಲಿ ಉಣ್ಣೆಗೇನು ಬರ? ಅತ್ತೆಯ ಗಿಡ್ಡಗಳು ಹುಟ್ಟಿನಿಂದ ಅದರ ಜೊತೆಯೇ ಬೆಳೆದವು, ಬಯಲುಸೀಮೆಯ ಕೊಟ್ಟಿಗೆಯಲ್ಲಿ ಬೆಳೆದ ಹಸುವಿಗೆ ಅದು ಹೊಸ ಶತ್ರು. ಬೇಗ ಡಾಕ್ಟರನ್ನು ಕರೆಸಿದ್ದರಿಂದ ಆ ಹಸು ಉಳಿಯಿತು. 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಬರುತ್ತದೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ, ಬರೆದಿಟ್ಟುಕೊಳ್ಳಿ.

ಹೊಸ ಹಸುವನ್ನು ಎರಡು ಮೂರು ವಾರ ಬೇರೆ ಕಟ್ಟಬೇಕು ಎನ್ನುವುದನ್ನು ಎಲ್ಲರೂ ಕೇಳಿರುತ್ತೇವೆ, ಯಾರೂ ಮಾಡುವುದಿಲ್ಲ. ಕಾಲುಬಾಯಿ ರೋಗ ಹೊರಗೆ ಕಾಣಲು ಎರಡು ದಿನದಿಂದ ಎರಡು ವಾರದವರೆಗೆ ಹಿಡಿಯುತ್ತದೆ, ಸಂತೆಯಲ್ಲಿ ಲಕ್ಷಣವಾಗಿ ಕಂಡ ಹಸು ಮನೆಗೆ ಬಂದು ಜೊಲ್ಲು ಸುರಿಸುವುದು ಅದಕ್ಕೇ. 2022ರಲ್ಲಿ ಚರ್ಮಗಂಟು ರೋಗ ಬಂದು ರಾಜ್ಯದಲ್ಲಿ ಸಂತೆ, ಜಾತ್ರೆಗಳನ್ನು ನಿಲ್ಲಿಸಿದಾಗ ದಲ್ಲಾಳಿಗಳು ಕಂಗಾಲಾದರು. ನಮ್ಮಂಥವರು ಮೊದಲ ಸಲ ಹೊಸ ಹಸುವಿಗೆ ಅಂತ ಸೌದೆ ಕೊಟ್ಟಿಗೆ ಖಾಲಿ ಮಾಡಿದೆವು. ಹೆದರಿಕೆ ಹೋದ ಮೇಲೆ ಸೌದೆ ವಾಪಸ್ ಬಂತು.

ಹಾಲು ಬತ್ತಿದ ಮುದಿ ಹಸುವಿನ ಸಾಗಾಟದ ಬಗ್ಗೆ ನಾನು ಜಾಸ್ತಿ ಬರೆಯಲಾರೆ. 2021ರ ಜನವರಿಯಿಂದ ಗೋಹತ್ಯೆ ತಡೆಯ ಹೊಸ ಕಾನೂನು ಬಂದ ಮೇಲೆ ಅವನ್ನು ಕೊಳ್ಳಲು ಯಾರೂ ಬಹಿರಂಗವಾಗಿ ಬರುವುದಿಲ್ಲ, ಸಾಕಲು ಎಲ್ಲರಿಗೂ ಆಗುವುದಿಲ್ಲ. ಪೈಸಾರಿ ಎನ್ನುವ ಸರ್ಕಾರಿ ಜಾಗದಲ್ಲಿ, ರಸ್ತೆ ಬದಿಯಲ್ಲಿ ಕಿವಿಯೋಲೆ ಕತ್ತರಿಸಿದ ಹಸುಗಳನ್ನು ನಾನೇ ನೋಡಿದ್ದೇನೆ. ಓಲೆ ಇದ್ದರೆ ಯಜಮಾನರು ಯಾರೆಂದು ಗೊತ್ತಾಗುತ್ತದಲ್ಲ.

ಈಗ ನಾನು ಮಾರಿದ ಕತೆ. ಅಂದು ನನ್ನ ಕಾಲ ಹತ್ತಿರ ಗೋಣಿಚೀಲದ ಮೇಲೆ ಬಂದ ಕರು ಬೆಳೆದು ಕಡಸಾಯಿತು, ನಾಲ್ಕು ತಿಂಗಳ ಗಬ್ಬ. ನಮ್ಮಲ್ಲಿ ಜಾಗವಿಲ್ಲ. ಕೊಡ್ಲಿಪೇಟೆ ಕಡೆಯ ಒಬ್ಬ ಹುಡುಗ ಬಂದು ನೋಡಿ ಒಪ್ಪಿದ. ಪಿಕಪ್ ತಂದಾಗ ನೋಡಿದೆ, ಅದೇ ಬರೀ ತಗಡು. ಹೀಗಾದರೆ ಕೊಡುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲ, ರೇಟು ಏರಿಸಲು ಆಟವಾಡುತ್ತಿದ್ದೇನೆ ಎಂದುಕೊಂಡ. ನಮ್ಮ ಅಂಗಳದ ಮೂಲೆಯಿಂದ ಆರು ಬುಟ್ಟಿ ಮರಳು ಹಾಕಿಸಿ, ಅದರ ಮೇಲೆ ನೆನೆಸಿದ ಕಾಫಿ ಗೋಣಿ ಹಾಸಿ, ಮೇಲೆ ಒಂದಿಷ್ಟು ಹುಲ್ಲು ಹರಡಿದೆವು. ಗಾಡಿಯನ್ನು ಹಿಂದಕ್ಕೆ ತೆಗೆದು ಮನೆ ಪಕ್ಕದ ಬರೆಗೆ, ಅಂದರೆ ಗುಡ್ಡ ಕಡಿದ ಮಣ್ಣಿನ ದಿಬ್ಬಕ್ಕೆ, ತಾಗಿಸಿ ನಿಲ್ಲಿಸಿದರೆ ಹಲಗೆಯೇ ಬೇಡ, ನೆಲವೂ ಗಾಡಿಯೂ ಒಂದೇ ಮಟ್ಟ. ಕೊಡಗಿನಲ್ಲಿ ಬರೆ ಇಲ್ಲದ ಮನೆ ಎಲ್ಲಿದೆ? ಮಳೆಗಾಲದಲ್ಲಿ ನಿದ್ದೆಗೆಡಿಸುವ ಅದು ಆ ದಿನ ಒಂದು ಉಪಕಾರಕ್ಕೆ ಬಂತು. ಕಡಸು ಹುಲ್ಲು ಮೂಸಿತು, ಒಂದು ಹೆಜ್ಜೆ ಇಟ್ಟಿತು, ನಿಂತಿತು. ಹುಡುಗ ಬಾಲಕ್ಕೆ ಕೈ ಹಾಕಿದ. "ಬಿಡು ಮಗಾ, ಅದೇ ಹೋಗ್ತದೆ" ಎಂದರು ಅತ್ತೆ. ನಾಲ್ಕು ನಿಮಿಷ ಹಿಡಿಯಿತು. ಹೋಯಿತು.

ಲಸಿಕೆಯ ಚೀಟಿ, ಓಲೆಯ ನಂಬರು, ಏನು ತಿನ್ನುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಎರಡು ದಿನಕ್ಕಾಗುವಷ್ಟು ನಮ್ಮದೇ ಹುಲ್ಲೂ ಕೊಟ್ಟೆ, ಹೊಸ ಮೇವು ಒಮ್ಮೆಗೇ ಹಾಕಬಾರದು ಅಂತ. ದಾರಿಯಲ್ಲಿ ಎಲ್ಲೂ ಊಟಕ್ಕೆ ನಿಲ್ಲಿಸಬಾರದು ಎಂದು ಮೂರು ಸಲ ಹೇಳಿದೆ. ಮದುವೆ ಮಾಡಿ ಕಳಿಸ್ತಿದ್ದೀಯಾ ಎಂದು ನಮ್ಮ ಮನೆಯವರು ರೇಗಿಸಿದರು.

ರಾತ್ರಿ ಎಂಟೂವರೆಗೆ ಫೋನ್ ಬಂತು.

"ಅಕ್ಕಾ, ಇಳೀತು. ಎರಡು ಬಕೆಟ್ ನೀರು ಕುಡೀತು. ಇನ್ನೊಂದು ಕೊಡ್ಲಾ?"

"ಕೊಡಿ. ನಿಧಾನಕ್ಕೆ ಕೊಡಿ. ಮಲಗಿತಾ?"

"ಇನ್ನೂ ಇಲ್ಲ. ನಿಂತೇ ಇದೆ. ನೋಡ್ತಾ ಇದೆ."

ಕೊಟ್ಟಿಗೆಯಲ್ಲಿ ಚೆಲುವಿಯೂ ನಿಂತೇ ಇದ್ದಳು, ಬಾಗಿಲ ಕಡೆ ಮುಖ ಮಾಡಿ. ಮಾರನೆಯ ದಿನ ಬೆಳಿಗ್ಗೆ ಡೈರಿಯ ಚೀಟಿಯಲ್ಲಿ ಒಂದೂವರೆ ಲೀಟರ್ ಕಡಿಮೆ ಬಂತು. ಯಾಕಕ್ಕಾ ಹಾಲು ಕಡಿಮೆ ಎಂದು ಡೈರಿಯ ಹುಡುಗ ಕೇಳಿದ. ಕಡಸು ಮಾರಿದ್ದೇವೆ ಎಂದೆ.